ಚಿತ್ರದುರ್ಗ ಜಿಲ್ಲೆಯ ವಸ್ತುಸಂಗ್ರಹಾಲಯ ಮತ್ತು ಸಾಂಸ್ಕೃತಿಕ ತಾಣಗಳು

ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಚಿತ್ರದುರ್ಗ, ಮಧ್ಯ ಕರ್ನಾಟಕದ ಬಯಲುಸೀಮೆಯ ಜಿಲ್ಲೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮುರು ಇದರ ಆರು ತಾಲ್ಲೂಕುಗಳು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ವ್ಯಾಪಾರದ ದೊಡ್ಡ ಊರು ಕೈಬಿಟ್ಟುಹೋಯಿತು. ಕೋಟೆ, ಶಾಸನ, ಮಠ, ಪರಿಷೆಗಳ ಬಹುಪಾಲು ಇಲ್ಲೇ ಉಳಿಯಿತು. ಜಿಲ್ಲೆಯಲ್ಲಿ ಸರ್ಕಾರದ ವಸ್ತುಸಂಗ್ರಹಾಲಯ ಇದೆ, ಆದರೆ ಚಿಕ್ಕದು. ನೋಡಬೇಕಾದ್ದರಲ್ಲಿ ಹೆಚ್ಚಿನದು ಬೆಟ್ಟದ ಮೇಲೆ, ಬಂಡೆಯ ಮೈಮೇಲೆ, ಗುಡಿಯ ಚಾವಣಿಯಲ್ಲಿ, ಮಠದ ಅಂಗಳದಲ್ಲಿದೆ. ಅದನ್ನು ಕಾಪಾಡಿಕೊಂಡು ಬಂದ ಕೈಗಳಲ್ಲಿ ಪುರಾತತ್ವ ಇಲಾಖೆಯ ಕೈ ಒಂದು ಮಾತ್ರ. ಗುಡಿಕಟ್ಟಿನವರು, ಮಠದವರು, ಹಟ್ಟಿಯವರು ಉಳಿಸಿಕೊಂಡದ್ದು ಅದಕ್ಕಿಂತ ಹೆಚ್ಚು.

ಕಲ್ಲಿನ ಕೋಟೆ

ಊರಿಗೆ ಆತುಕೊಂಡಂತಿರುವ ಹೆಬ್ಬಂಡೆಗಳ ಬೆಟ್ಟಸಾಲಿನ ಮೇಲೆ ಏಳು ಸುತ್ತಿನ ಕೋಟೆ ಹರಡಿದೆ. ಮೊದಲ ಸುತ್ತುಗಳು ಇಂದಿನ ಪೇಟೆಯೊಳಗೇ ಬೆರೆತುಹೋಗಿವೆ. ಮೇಲಿನವು ಮೇಲುದುರ್ಗಕ್ಕೆ ಸೇರಿದವು. ಕೋಟೆಯ ಮಾತು ಬಂದಾಗ 19 ಅಗಸೆ, 38 ದಿಡ್ಡಿ, 35 ಕಳ್ಳಗಂಡಿ ಎಂಬ ಲೆಕ್ಕವನ್ನು ವಾಡಿಕೆಯಲ್ಲಿ ಒಪ್ಪಿಸಲಾಗುತ್ತದೆ. ಹತ್ತಿ ಇಳಿದವರಲ್ಲಿ ಎಣಿಸಿದವರು ಕಡಿಮೆ. ಬತೇರಿಗಳ ವಿಷಯಕ್ಕೆ ಬಂದರೆ ಲೆಕ್ಕ ಸಾವಿರ ದಾಟುತ್ತದೆ. ಆ ಸಂಖ್ಯೆಯನ್ನು ಅಭಿಮಾನದ ಮಾತೆಂದು ತಿಳಿದರೆ ಸಾಕು.

ಹೊಯ್ಸಳರ ಕಾಲದಲ್ಲಿ ಬೆಮ್ಮತ್ತನೂರು ಎನಿಸಿಕೊಂಡಿದ್ದ ಈ ಬೆಟ್ಟ ವಿಜಯನಗರದ ಕಾಲದಲ್ಲಿ ಗಡಿಕಾವಲಿನ ಠಾಣ್ಯವಾಯಿತು. ಮತ್ತಿ ತಿಮ್ಮಣ್ಣ ನಾಯಕನಿಂದ ಆರಂಭವಾದ ಬೇಡ ನಾಯಕರ ವಂಶ ಸುಮಾರು ಎರಡು ಶತಮಾನ ಇಲ್ಲಿಂದ ಆಳಿತು. ಅವರಲ್ಲಿ ಕಟ್ಟಿದವನೆಂದು ಹೆಸರಾದವನು ಬಿಚ್ಚುಗತ್ತಿ ಭರಮಣ್ಣ ನಾಯಕ (1689–1721). ಗುಡಿ, ಹೊಂಡ, ಮಠ, ಕೋಟೆಯ ಬಾಗಿಲುಗಳ ಕಥೆಗಳಲ್ಲಿ ಅವನ ಹೆಸರು ಮತ್ತೆ ಮತ್ತೆ ಬರುತ್ತದೆ. ಕೊನೆಯ ಮದಕರಿ ನಾಯಕ 1754ರಲ್ಲಿ ಪಟ್ಟಕ್ಕೆ ಬಂದ. ಹಲವು ಮುತ್ತಿಗೆಗಳ ನಂತರ 1779ರಲ್ಲಿ ಕೋಟೆ ಹೈದರ್ ಅಲಿಯ ವಶವಾಯಿತು. ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅವನ ಜೊತೆ ಸಾವಿರಾರು ಬೇಡರ ಕುಟುಂಬಗಳನ್ನೂ ಅಲ್ಲಿಗೆ ಸಾಗಿಸಲಾಯಿತು. ದುರ್ಗದವರ ನೆನಪಿನಲ್ಲಿ ಆ ವರ್ಷ ಇವತ್ತಿಗೂ ಹಸಿಯಾಗಿದೆ.

ಪ್ರವಾಸಿಗರು ಸಾಮಾನ್ಯವಾಗಿ ನೇರ ಓಬವ್ವನ ಕಿಂಡಿಗೆ ಹೋಗುತ್ತಾರೆ. ಕಹಳೆಯವನಾದ ಮುದ್ದ ಹನುಮ ಊಟಕ್ಕೆ ಕೂತಿದ್ದಾಗ ನೀರು ತರಲು ಬಂದ ಅವನ ಹೆಂಡತಿ ಓಬವ್ವ, ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ಹೈದರನ ಸೈನಿಕರನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಬಡಿದು ಕೊಂದಳೆಂಬ ಕಥೆ ನಾಡಿಗೆಲ್ಲ ಗೊತ್ತು. ಒಬ್ಬ ಬಗ್ಗಿ ತೆವಳಿದರಷ್ಟೇ ದಾಟಬಹುದಾದ ಸಂದಿಯನ್ನು ಕಂಡ ಮೇಲೆ ಆ ಕಥೆಯ ಯುದ್ಧತಂತ್ರ ಅರ್ಥವಾಗುತ್ತದೆ. ಪಕ್ಕದಲ್ಲೇ ತಣ್ಣೀರುದೋಣಿ ಎಂಬ ಸಣ್ಣ ನೀರಿನ ಸೆಲೆ ಇದೆ. ಈ ಪ್ರಸಂಗವನ್ನು ಮನೆಮನೆಗೆ ತಲುಪಿಸಿದ್ದು ಸಿನಿಮಾ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ 1972ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡಿತು. ಅದರಲ್ಲಿ ಜಯಂತಿ ಓಬವ್ವನಾಗಿ ಕಾಣಿಸಿಕೊಂಡ ಹಾಡು ಕೋಟೆಗೆ ಸಿಕ್ಕ ಅತಿ ದೊಡ್ಡ ಪ್ರಚಾರ. ಈಗ ನವೆಂಬರ್ 11ರಂದು ಓಬವ್ವ ಜಯಂತಿ ನಡೆಯುತ್ತದೆ.

ಕಿಂಡಿಯಷ್ಟೇ ನೋಡಿ ಇಳಿದವರು ಕೋಟೆಯ ನಿಜವಾದ ಜಾಣ್ಮೆಯನ್ನು ಕಂಡಂತಾಗಲಿಲ್ಲ. ಆ ಜಾಣ್ಮೆ ನೀರಿನದು. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ, ಬಂಡೆಯ ನೆತ್ತಿಯ ಮೇಲೆ, ತಿಂಗಳುಗಟ್ಟಲೆ ಮುತ್ತಿಗೆ ತಡೆಯಬೇಕಾದರೆ ಗೋಡೆಗಿಂತ ಮೊದಲು ಬೇಕಾದದ್ದು ಹೊಂಡ. ಮೇಲುದುರ್ಗದ ಬಂಡೆಗಳ ಮೇಲೆ ಸುರಿದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿ ಕೋಡಿ ಬಿದ್ದರೆ ಅಕ್ಕ–ತಂಗಿಯರ ಹೊಂಡಕ್ಕೆ. ಅಲ್ಲಿಂದ ಇಳಿಜಾರು ಹಿಡಿದು ಕೆಳಗಿನ ಊರಿನ ಸಿಹಿನೀರು ಹೊಂಡ, ಸಂತೆಹೊಂಡಗಳವರೆಗೆ ನೀರಿನ ದಾರಿ ಸಾಗುತ್ತದೆ. ಒಂದು ಹನಿಯೂ ಬೆಟ್ಟದಿಂದ ಸುಮ್ಮನೆ ಹರಿದುಹೋಗದಂತೆ ನೋಡಿಕೊಂಡವರ ಹೆಸರು ಯಾವ ಹಾಡಿನಲ್ಲೂ ಇಲ್ಲ. ಒಳ್ಳೆಯ ಮಳೆಯಾದ ವರ್ಷ ಹೊಂಡ ಕೋಡಿ ಬಿದ್ದ ಸುದ್ದಿ ಕೇಳಿದರೆ ಊರಿನವರು ಅದನ್ನು ನೋಡಲೆಂದೇ ಬೆಟ್ಟ ಹತ್ತುತ್ತಾರೆ.

ಕೋಟೆಯಲ್ಲಿ ತಪ್ಪದೆ ನಿಂತು ನೋಡಬೇಕಾದ ಇನ್ನೊಂದು ಜಾಗ ಮದ್ದು ಬೀಸುವ ಕಲ್ಲುಗಳದು. ನೆಲಮಟ್ಟದಿಂದ ಕೆಳಗೆ ಕಟ್ಟಿದ ಕುಣಿಯಲ್ಲಿ ನಾಲ್ಕು ಭಾರಿ ಬೀಸುವ ಕಲ್ಲುಗಳು ಕೂತಿವೆ. ಪ್ರಾಣಿಗಳನ್ನು ಹೂಡಿ ಇವುಗಳನ್ನು ತಿರುಗಿಸಿ ಗುಂಡಿನ ಮದ್ದು ಅರೆಯುತ್ತಿದ್ದರು. ಅರಮನೆ, ಕಣಜ, ಗರಡಿಮನೆ, ಟಂಕಸಾಲೆಗಳದ್ದೆಂದು ತೋರಿಸುವ ಅವಶೇಷಗಳೂ ಇವೆ. ಕೆಲವು ಮಣ್ಣಿನ ಗೋಡೆಗಳು ಎರಡು ಶತಮಾನಕ್ಕೂ ಮಿಕ್ಕಿದ ಮಳೆಗಾಳಿ ಉಂಡು ಇನ್ನೂ ನಿಂತಿವೆ. ಕಲ್ಲಿನ ಕೋಟೆಯಲ್ಲಿ ಮಣ್ಣಿನ ಗೋಡೆಯ ಬಾಳಿಕೆ ನೋಡಿ ಬೆರಗಾಗುವುದು ವಿಚಿತ್ರ, ಆದರೆ ಆಗುವುದು ಹಾಗೆಯೇ.

ಮೇಲುದುರ್ಗದ ಗುಡಿಗಳಲ್ಲಿ ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ, ಫಲ್ಗುಣೇಶ್ವರ, ಗೋಪಾಲಕೃಷ್ಣ ಮುಖ್ಯವಾದವು. ನಾಯಕರ ಪಟ್ಟಾಭಿಷೇಕ ಸಂಪಿಗೆ ಸಿದ್ದೇಶ್ವರನ ಸನ್ನಿಧಿಯಲ್ಲಿ ನಡೆಯುತ್ತಿತ್ತು ಎನ್ನುತ್ತಾರೆ. ಹಿಡಿಂಬೇಶ್ವರ ಗುಡಿಯದು ಬೇರೆಯೇ ವಿಶೇಷ. ಹಿಡಿಂಬನ ಹಲ್ಲು ಎಂದು ತೋರಿಸುವ ದೊಡ್ಡ ಮೂಳೆ, ಭೀಮನ ಭೇರಿ ಎಂದು ಕರೆಯುವ ಕಬ್ಬಿಣದ ತಗಡಿನ ಉರುಳೆ ಇಲ್ಲಿರುವುದನ್ನು ಬ್ರಿಟಿಷರ ಕಾಲದ ಗೆಜೆಟಿಯರ್‌ಗಳೂ ದಾಖಲಿಸಿವೆ. ವಸ್ತುಸಂಗ್ರಹಾಲಯ ಎಂಬ ಕಲ್ಪನೆ ಈ ಕಡೆಗೆ ಬರುವ ಮೊದಲೇ ಗುಡಿಯವರು ಅಪರೂಪದ ವಸ್ತುವನ್ನು ಎತ್ತಿಟ್ಟು, ಅದಕ್ಕೊಂದು ಕಥೆ ಹೊಂದಿಸಿ, ಬಂದವರಿಗೆ ತೋರಿಸುವ ಪದ್ಧತಿ ಇಟ್ಟುಕೊಂಡಿದ್ದರು.

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಬೇಸಿಗೆಯಲ್ಲಿ ಬಂಡೆ ಕಾದು ಕಾಲಿಡಲಾಗದು. ಬೆಳಗಿನ ಹೊತ್ತು ಹತ್ತುವುದೇ ಸರಿ, ಮಳೆಗಾಲ ಮುಗಿದ ಮೇಲಿನ ತಿಂಗಳುಗಳಾದರೆ ಇನ್ನೂ ವಾಸಿ.

ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯ

ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಹಳೆಯ ಪೇಟೆಯಲ್ಲಿ, ಕೋಟೆಯ ಬಾಗಿಲುಗಳಲ್ಲೊಂದಾದ ರಂಗಯ್ಯನ ಬಾಗಿಲಿನ ಬಳಿ ಇದೆ. ಪಾಳೆಯಗಾರರ ಕಾಲದ ಆಯುಧಗಳು, ವೀರಗಲ್ಲುಗಳು, ಶಿಲ್ಪಗಳು, ಕೋಟೆಯ ಹಿಂಬದಿಯ ಚಂದ್ರವಳ್ಳಿ ಕಣಿವೆಯ ನೆಲದಿಂದ ಬಂದ ಮಡಕೆ ಚೂರುಗಳಂಥ ವಸ್ತುಗಳು ಇಲ್ಲಿನ ಸಂಗ್ರಹ. ಊರಿನ ಇತಿಹಾಸಕ್ಕೆ ಆಧಾರ ಕೂಡಿಹಾಕಿದವರಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರ ಹೆಸರು ಮೊದಲು ಬರಬೇಕು. ಶಾಸನ, ಬಖೈರು, ಹಳೆಯ ಕಾಗದಪತ್ರ ಹುಡುಕಿಕೊಂಡು ಅವರು ಮಾಡಿದ ಕೆಲಸದ ಮೇಲೆ ಮುಂದಿನವರೆಲ್ಲ ನಿಂತಿದ್ದಾರೆ. ಅವರ ನಂತರ ಲಕ್ಷ್ಮಣ ತೆಲಗಾವಿ, ಬಿ. ರಾಜಶೇಖರಪ್ಪ ಅವರಂಥ ಸಂಶೋಧಕರು ಆ ಕೆಲಸವನ್ನು ಮುಂದುವರಿಸಿದರು. ಇಷ್ಟು ದೊಡ್ಡ ಕೋಟೆಗೆ, ಇಷ್ಟು ಹಳೆಯ ನೆಲಕ್ಕೆ ಈ ಸಂಗ್ರಹಾಲಯದ ಗಾತ್ರ ಸಾಲದು. ಆದರೂ ಚಂದ್ರವಳ್ಳಿಗೆ ಹೋಗುವ ಮೊದಲು ಇಲ್ಲೊಂದು ಗಳಿಗೆ ಕಳೆಯುವುದು ಲಾಭ, ಏಕೆಂದರೆ ಅಲ್ಲಿ ಹೋದರೆ ಕಣ್ಣಿಗೆ ಕಾಣುವುದು ಕೆರೆ ಮತ್ತು ಬಂಡೆ ಮಾತ್ರ.

ಇದೇ ಹಳೆಯ ಪೇಟೆಯ ಬೀದಿಗಳಲ್ಲಿ ಬೇಸಿಗೆಯಲ್ಲಿ ಬರಗೇರಮ್ಮ ಮತ್ತು ತಿಪ್ಪಿನಘಟ್ಟಮ್ಮ ದೇವತೆಗಳ ಅಕ್ಕ–ತಂಗಿ ಭೇಟಿ ಉತ್ಸವ ನಡೆಯುತ್ತದೆ. ಮುನಿಸಿಕೊಂಡ ಅಕ್ಕ ತಂಗಿಯರು ವರ್ಷಕ್ಕೊಮ್ಮೆ ಎದುರಾಗುವ ಆ ಕ್ಷಣಕ್ಕೆ ಇಡೀ ಪೇಟೆ ಮಹಡಿಗಳ ಮೇಲೆ ಹತ್ತಿ ಕಾಯುತ್ತದೆ.

ಚಂದ್ರವಳ್ಳಿ

ಕೋಟೆಯ ಬೆಟ್ಟದ ಹಿಂಬದಿಗೆ, ಚೋಳಗುಡ್ಡ ಮತ್ತು ಕಿರುಬನಕಲ್ಲು ಗುಡ್ಡಗಳ ನಡುವಿನ ಕಣಿವೆ ಚಂದ್ರವಳ್ಳಿ. ಊರಿನವರಿಗೆ ಇದು ಸಂಜೆ ವಿಹಾರದ ಜಾಗ. ಕರ್ನಾಟಕದ ಪುರಾತತ್ವದಲ್ಲಿ ಇದಕ್ಕೆ ಸಮನಾದ ಜಾಗಗಳು ಕೆಲವೇ.

ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1920ರ ದಶಕದ ಕೊನೆಯಲ್ಲಿ ಇಲ್ಲಿ ಅಗೆತ ಮಾಡಿಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿಯ ನಾಣ್ಯಗಳೂ ದೊರೆತವು. ಕ್ರಿಸ್ತಶಕದ ಆರಂಭದ ಹೊತ್ತಿಗೆ ಈ ಕಣಿವೆಯ ಊರಿಗೆ ಕಡಲಾಚೆಯ ಹಣ ಬರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. 1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಜೊತೆಗೆ ಇಲ್ಲಿಯೂ ಅಗೆದರು. ಅವರಿಗೆ ಬೇಕಾಗಿದ್ದದ್ದು ನಿಧಿಯಲ್ಲ, ಕಾಲಗಣನೆ. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸರಕುಗಳ ಜೊತೆ ಸಿಕ್ಕ ಮಡಕೆಗಳ ಕಾಲ ಅಷ್ಟರಲ್ಲಿ ಗೊತ್ತಾಗಿತ್ತು. ಅಂಥದೇ ಚೂರುಗಳು ಇಲ್ಲಿನ ಯಾವ ಪದರದಲ್ಲಿ ಸಿಗುತ್ತವೆ ಎಂದು ನೋಡಿ, ಅದರ ಮೇಲಿನ ಮತ್ತು ಕೆಳಗಿನ ಪದರಗಳ ಕಾಲವನ್ನು ಕಟ್ಟಿದರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಮೊದಲ ಭದ್ರ ಚೌಕಟ್ಟು ಸಿಕ್ಕಿದ್ದು ಹೀಗೆ, ಈ ಜಿಲ್ಲೆಯ ಎರಡು ಜಾಗಗಳಿಂದ.

ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ್ದು. ಅವನು ಇಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅವನು ಗೆದ್ದ ರಾಜ್ಯಗಳ ಪಟ್ಟಿಯೂ ಇದರಲ್ಲಿದೆ ಎಂದು ಕೃಷ್ಣ ಅವರು ಓದಿದರು. ಆ ಓದನ್ನು ಎಲ್ಲರೂ ಒಪ್ಪಿಲ್ಲ, ಅಕ್ಷರಗಳು ಅಷ್ಟು ಸವೆದಿವೆ. ಬರಿಗಣ್ಣಿಗೆ ಬಂಡೆಯ ಮೈಯ ಗೀರು ಯಾವುದು, ಅಕ್ಷರ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ಕೆಲವು ಗೆರೆಗಳು ಎದ್ದು ನಿಲ್ಲುತ್ತವೆ. ಕನ್ನಡ ನೆಲದ ಮೊದಲ ರಾಜವಂಶದ ಮೂಲಪುರುಷ ಮಾಡಿಸಿದ ಬರಹವನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆಡೆ ಸಿಗದು. ಹೆಸರನ್ನು ಬಂಡೆಯ ಮೇಲೆ ಕೆತ್ತುವ ಇಂದಿನ ಪ್ರೇಮಿಗಳಿಗೆ ಇದು ತಿಳಿದಿದ್ದರೆ ಚೆನ್ನಾಗಿತ್ತು.

ಸಮೀಪದ ಅಂಕಲಿ ಮಠ ಬಂಡೆಗಳ ಅಡಿಯಲ್ಲಿ ಇಳಿಯುವ ಗುಹೆಗಳ ಸಮೂಹ. ಕೋಣೆಯಿಂದ ಕೋಣೆಗೆ ಕತ್ತಲಲ್ಲಿ ಸಾಗಬೇಕು, ದಾರಿ ಬಲ್ಲವರ ಜೊತೆ, ದೀಪ ಹಿಡಿದು. ಒಳಗಿನ ಗೋಡೆಗಳ ಮೇಲೆ ಬಣ್ಣದ ಗುರುತುಗಳು ಅಲ್ಲಲ್ಲಿ ಉಳಿದಿವೆ.

ಬ್ರಹ್ಮಗಿರಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಕಿರು ಶಿಲಾಶಾಸನಗಳಿವೆ. ಬಿ.ಎಲ್. ರೈಸ್ ಇವನ್ನು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆದೇಶ ಇದು. ತಂದೆತಾಯಿಗೆ ವಿಧೇಯರಾಗಿ, ಜೀವಿಗಳಲ್ಲಿ ದಯೆ ಇಡಿ, ಸತ್ಯ ನುಡಿಯಿರಿ ಎಂಬುದು ಸಾರ. ಬರೆದ ಲಿಪಿಕಾರ ಚಪಡ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ದೂರದ ನಾಡಿನ ಗುಮಾಸ್ತನೊಬ್ಬನ ಈ ಸಣ್ಣ ಠೀವಿ ಚಕ್ರವರ್ತಿಯ ಉಪದೇಶಕ್ಕಿಂತ ಹೆಚ್ಚು ಮನಸ್ಸಿನಲ್ಲಿ ಉಳಿಯುತ್ತದೆ. ಸುತ್ತಲ ಬಯಲಿನಲ್ಲಿ ಬೃಹತ್ ಶಿಲಾಗೋರಿಗಳು ಹರಡಿವೆ. ವೀಲರ್ ಇಲ್ಲಿ ಕಲ್ಲುಕೊಡಲಿಯ ಜನ, ಶಿಲಾಗೋರಿಯ ಜನ, ಶಾತವಾಹನರ ಕಾಲದವರು ಎಂಬ ಮೂರು ಸಂಸ್ಕೃತಿಗಳನ್ನು ಒಂದರ ಮೇಲೊಂದು ಗುರುತಿಸಿದರು. ಮೊಳಕಾಲ್ಮುರಿನವರೆಗೆ ಹೋದವರು ರೇಷ್ಮೆ ಸೀರೆ ನೇಯುವ ಮಗ್ಗಗಳನ್ನು ನೋಡದೆ ಬರುವುದಿಲ್ಲ. ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಮಠ ಮತ್ತು ರಂಗಭೂಮಿ

ಚಿತ್ರದುರ್ಗದ ಮುರುಘಾಮಠವನ್ನು ಭರಮಣ್ಣ ನಾಯಕ ಶಾಂತವೀರ ಮುರುಘಾ ಸ್ವಾಮಿಗಳಿಗಾಗಿ ಕಟ್ಟಿಸಿಕೊಟ್ಟ. ಮಠದ ಆವರಣದ ಮುರುಘಾವನ ಶಿಲ್ಪೋದ್ಯಾನ. ಹಳ್ಳಿಯ ಬದುಕು, ಪ್ರಾಣಿಗಳು, ಪುರಾಣದ ಪಾತ್ರಗಳು ಆಳೆತ್ತರದ ಬಣ್ಣದ ಬೊಂಬೆಗಳಾಗಿ ನಿಂತಿವೆ. ಕಲಾವಿಮರ್ಶಕರು ಮೂಗು ಮುರಿಯಬಹುದು, ಶಾಲಾ ಪ್ರವಾಸದ ಮಕ್ಕಳು ಕೋಟೆಗಿಂತ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ದಸರೆಯ ದಿನಗಳಲ್ಲಿ ಇಲ್ಲಿ ಶರಣ ಸಂಸ್ಕೃತಿ ಉತ್ಸವ ನಡೆಯುತ್ತದೆ. ತಾಲ್ಲೂಕಿನ ಇನ್ನೊಂದು ದೊಡ್ಡ ಪೀಠ ಸಿರಿಗೆರೆಯ ತರಳಬಾಳು ಬೃಹನ್ಮಠ. ಅದರ ತರಳಬಾಳು ಹುಣ್ಣಿಮೆ ವರ್ಷಕ್ಕೊಂದು ಊರಿನಲ್ಲಿ ನಡೆಯುವ ಸಭೆ, ಉಪನ್ಯಾಸ, ಕಲಾಪ್ರದರ್ಶನಗಳ ಮೇಳ.

ಸಿರಿಗೆರೆಯ ಶಾಖಾಮಠವಿರುವ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಮಾತ್ರ ಒಂದು ಅಚ್ಚರಿ. ಬಸ್ಸು ಅಪರೂಪಕ್ಕೆ ಬರುವ ಹಳ್ಳಿಯೊಂದು ಕನ್ನಡ ರಂಗಭೂಮಿಯ ನಕ್ಷೆಯಲ್ಲಿ ಹೆಗ್ಗೋಡಿನ ಪಕ್ಕಕ್ಕೆ ಬಂದು ಕೂತಿತು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರಿಗೆ ನಾಟಕದ ಹುಚ್ಚಿತ್ತು, ತಾವೇ ನಾಟಕ ಬರೆದವರು. ಆ ಬೀಜವನ್ನು ಬೆಳೆಸಿದವರು ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ. 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ರೆಪರ್ಟರಿ ಹುಟ್ಟಿದವು. ರಂಗಕರ್ಮಿ ಸಿ.ಜಿ. ಕೃಷ್ಣಸ್ವಾಮಿ, ಎಲ್ಲರ ಸಿಜಿಕೆ, ಆರಂಭದ ದಿನಗಳಲ್ಲಿ ಬೆನ್ನೆಲುಬಾಗಿ ನಿಂತರು.

ಶಿವಸಂಚಾರದ ಕ್ರಮ ಸರಳ. ಕಲಾವಿದರ ತಂಡವೊಂದು ಮಠದಲ್ಲೇ ಉಳಿದು ಮೂರು ನಾಟಕ ಕಟ್ಟುತ್ತದೆ, ಆಮೇಲೆ ಅವನ್ನು ಹೊತ್ತು ನಾಡೆಲ್ಲ ಸುತ್ತುತ್ತದೆ. ನವೆಂಬರ್ ಮೊದಲ ವಾರದ ನಾಟಕೋತ್ಸವದಲ್ಲಿ ಅವು ಊರಿನಲ್ಲೇ ಮೊದಲು ರಂಗಕ್ಕೆ ಬರುತ್ತವೆ, ಹೊರರಾಜ್ಯದ ತಂಡಗಳೂ ಬರುತ್ತವೆ. ಪ್ರದರ್ಶನ ನಡೆಯುವುದು ಗ್ರೀಕ್ ಮಾದರಿಯ ಬಯಲು ರಂಗಮಂದಿರದಲ್ಲಿ. ಅರ್ಧವೃತ್ತದ ಮೆಟ್ಟಿಲುಗಳ ಮೇಲೆ ಸಾವಿರಾರು ಜನ ಕೂರಬಹುದು. ಅಲ್ಲಿ ಕೂತವರು ಯಾರೆಂದು ನೋಡಬೇಕು. ಹೊಲದ ಕೆಲಸ ಮುಗಿಸಿ ಕಂಬಳಿ ಹೊದ್ದು ಬಂದ ರೈತರು, ಸೆರಗು ಬಿಗಿದು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ಹೆಂಗಸರು, ಸಮವಸ್ತ್ರದ ಹುಡುಗರು. ಷೇಕ್ಸ್‌ಪಿಯರನಾಗಲಿ ವಚನಕಾರರ ಕಥೆಯಾಗಲಿ, ಅವರು ಬೇಸರವಾದರೆ ಎದ್ದುಹೋಗುತ್ತಾರೆ, ಹಿಡಿಸಿದರೆ ಕೊನೆಯವರೆಗೂ ಅಲುಗುವುದಿಲ್ಲ. ನಗರದ ಸಭಾಂಗಣದ ಮರ್ಯಾದೆಯ ಚಪ್ಪಾಳೆಗಿಂತ ಈ ಪರೀಕ್ಷೆ ಕಠಿಣ. ಜಿಲ್ಲೆಯಲ್ಲಿ ಒಂದೇ ಒಂದು ಸಾಂಸ್ಕೃತಿಕ ಅನುಭವಕ್ಕೆ ಸಮಯವಿದ್ದರೆ, ನವೆಂಬರಿನಲ್ಲಿ ಬಂದವರು ಕೋಟೆಯನ್ನು ಬಿಟ್ಟಾದರೂ ಸಾಣೇಹಳ್ಳಿಗೆ ಹೋಗಬೇಕು.

ಹಿರಿಯೂರು

ವೇದಾವತಿ ದಂಡೆಯ ಹಿರಿಯೂರಿನಲ್ಲಿ ತೇರುಮಲ್ಲೇಶ್ವರ ದೇವಸ್ಥಾನವಿದೆ. ಪಾಳೆಯಗಾರರ ಕಾಲದ ಈ ಗುಡಿಯ ಮುಖಮಂಟಪದ ಚಾವಣಿಯಲ್ಲಿ ಶಿವಪುರಾಣ ಮತ್ತು ಮಹಾಕಾವ್ಯಗಳ ಪ್ರಸಂಗಗಳ ವರ್ಣಚಿತ್ರಗಳಿವೆ. ಕತ್ತು ಎತ್ತಿ ನೋಡುವ ವ್ಯವಧಾನ ಬೇಕಷ್ಟೆ. ದೇವರ ಮುಖ ನೋಡಿ ಕೈಮುಗಿದು ಹೊರಡುವವರಿಗೆ ತಲೆಯ ಮೇಲಿನ ಚಿತ್ರಶಾಲೆ ಕಾಣುವುದೇ ಇಲ್ಲ.

ತಾಲ್ಲೂಕಿನ ದೊಡ್ಡ ಆಕರ್ಷಣೆ ವಾಣಿವಿಲಾಸ ಸಾಗರ. ಹಳಬರ ಬಾಯಲ್ಲಿ ಇನ್ನೂ ಮಾರಿಕಣಿವೆಯೇ. ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಎತ್ತುವ ಕೆಲಸ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕಿದೆ. ಕಟ್ಟೆಯ ತುದಿಗಳಲ್ಲಿನ ಮಂಟಪಗಳು ಆ ಕಾಲದ ಎಂಜಿನಿಯರುಗಳಿಗೆ ಕಟ್ಟೆ ಬರೀ ನೀರಿನ ತಡೆಯಾಗಿ ಕಂಡಿರಲಿಲ್ಲ ಎಂದು ತೋರಿಸುತ್ತವೆ. ಕೆಳಗೆ ಕಣಿವೆ ಮಾರಮ್ಮನ ಗುಡಿ. ಜಲಾಶಯದ ಪೂರ್ಣ ಮಟ್ಟ 130 ಅಡಿ. ಅದು ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕಾಯಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಎರಡನೆಯ ಬಾರಿ ಕೋಡಿ ಬಿದ್ದಾಗ ಅಜ್ಜನ ಬಾಯಲ್ಲಿ ಕೇಳಿದ್ದನ್ನು ಕಣ್ಣಾರೆ ಕಾಣಲು ಜನ ಮುಗಿಬಿದ್ದರು. ಮೂರನೆಯದಕ್ಕೆ ಅಷ್ಟು ಕಾಯಬೇಕಾಗಲಿಲ್ಲ, 2025ರ ಜನವರಿಯಲ್ಲೇ ಬಂತು.

ಚಿತ್ರದುರ್ಗ–ಹಿರಿಯೂರು ನಡುವಿನ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾಶಿಲೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ ತಣಿದ ಲಾವಾ ಇದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಬಯಲುಸೀಮೆಯ ಈ ಒಣನೆಲ ಒಮ್ಮೆ ನೀರಿನ ಕೆಳಗಿತ್ತು.

ಹೊಳಲ್ಕೆರೆ ಮತ್ತು ಹೊಸದುರ್ಗ

ಹೊಳಲ್ಕೆರೆಯ ಬಯಲು ಗಣಪತಿ ಏಕಶಿಲೆಯ ಭಾರಿ ವಿಗ್ರಹ. ಗುಡಿಯ ಸೂರಿಲ್ಲದೆ ಬಯಲಲ್ಲಿ ಕೂತದ್ದರಿಂದ ಬಂದ ಹೆಸರು. ಎದುರಿನಿಂದ ಕೈಮುಗಿದು ಹೊರಟುಬಿಡಬಾರದು, ಹಿಂದಕ್ಕೆ ಹೋಗಿ ಬೆನ್ನ ಮೇಲಿನ ಜಡೆ ನೋಡಬೇಕು. ಮಗುವಿಗೆ ತಾಯಿ ಹೆಣೆದಂಥ ಜಡೆಯನ್ನು ಶಿಲ್ಪಿ ಗಣಪನಿಗೆ ಹಾಕಿದ್ದಾನೆ. ಇದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ‘ತಿರುಕ’ ಎಂಬ ಹೆಸರಿನಲ್ಲಿ ಬರೆದ ರಾಘವೇಂದ್ರ ಸ್ವಾಮೀಜಿಯವರ ಅನಾಥಸೇವಾಶ್ರಮವಿದೆ. ಯೋಗ, ಆಯುರ್ವೇದ, ಶಾಲೆ ಎಲ್ಲವೂ ಅಲ್ಲಿ ಒಟ್ಟಿಗೆ ಬೆಳೆದವು. ಹೊರಕೆರೆದೇವರಪುರದ ಲಕ್ಷ್ಮೀನರಸಿಂಹ ಮತ್ತು ರಾಮಗಿರಿಯ ಕರಿಸಿದ್ದೇಶ್ವರ ಭಕ್ತರ ದೊಡ್ಡ ತಾಣಗಳು.

ಹೊಸದುರ್ಗ ತಾಲ್ಲೂಕಿನಲ್ಲಿ ಹೆಗ್ಗೆರೆಯ ಪಾರ್ಶ್ವನಾಥ ಬಸದಿ ಹೊಯ್ಸಳರ ಕಾಲದ್ದು, ಅಚ್ಚುಕಟ್ಟಾದ ಕರಿಗಲ್ಲಿನ ಕಟ್ಟಡ. ಬಾಗೂರಿನಲ್ಲಿ ಚೆನ್ನಕೇಶವ ಗುಡಿಯಿದೆ. ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳದ ಮುಂದೆ ಭಕ್ತರು ಕೋರಿಕೆ ಇಟ್ಟು, ನೀರಿನೊಳಗಿಂದ ಪ್ರಸಾದ ತೇಲಿ ಬರುವುದನ್ನು ಗಂಟೆಗಟ್ಟಲೆ ಕಾಯುತ್ತಾರೆ. ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗೆ ಹೆಸರಾಗಿತ್ತು. 1800ರ ಹೊತ್ತಿಗೆ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕುಲುಮೆಗಳಲ್ಲಿ ಸವುಳು ಮಣ್ಣಿನಿಂದ ಗಾಜು ಇಳಿಸಿ ಬಣ್ಣಬಣ್ಣದ ಬಳೆ ಮಾಡುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಕಸುಬಿಗೆ ಊರಿನಲ್ಲೊಂದು ಚಿಕ್ಕ ಪ್ರದರ್ಶನಾಲಯ ಇರಬೇಕಿತ್ತು.

ಹಟ್ಟಿಗಳ ಪರಂಪರೆ

ಚಳ್ಳಕೆರೆ ಕಡೆಯ ಹಟ್ಟಿಗಳಲ್ಲಿ ಮ್ಯಾಸಬೇಡರು ದೇವರ ಎತ್ತುಗಳ ಹಿಂಡನ್ನು ಇಂದಿಗೂ ಸಾಕುತ್ತಾರೆ. ಈ ಎತ್ತುಗಳನ್ನು ಉಳುವುದಕ್ಕೂ ಮಾರುವುದಕ್ಕೂ ಬಳಸುವಂತಿಲ್ಲ. ಕಾಡುಗೊಲ್ಲರ ಕ್ಯಾತಪ್ಪನ ಪರಿಷೆಯಲ್ಲಿ ದೇವರಿಗೆ ಮುಳ್ಳಿನ ಗುಡಿ ಕಟ್ಟುತ್ತಾರೆ. ಅದರ ತುದಿಯ ಕಳಶ ಇಳಿಸಲು ಯುವಕರು ಬರಿಗಾಲಲ್ಲಿ ಮುಳ್ಳು ತುಳಿದು ಹತ್ತುತ್ತಾರೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ, ಅದರ ಮುಕ್ತಿಬಾವುಟದ ಹರಾಜು ಪ್ರತಿವರ್ಷ ಸುದ್ದಿಯಾಗುತ್ತದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಬಾರದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರು ಅವರು ಆ ಹಾಡುಗಳಲ್ಲಿ ಒಂದು ಪಾಲನ್ನು ಬರೆದುಕೊಂಡು ‘ಸಾವಿರದ ಸಿರಿಬೆಳಗು’ ಎಂಬ ಸಂಕಲನವಾಗಿ ಪ್ರಕಟಿಸಿದರು.